ತಂಗಿ ಬಾಯಿ ಬಿಡದ ಭಾನುವಾರ

ನನ್ನ ತಂಗಿ ಗಣಿತದ ಮೇಡಂ. ಶಾಲೆಯ ಮಕ್ಕಳು ಬೆನ್ನ ಹಿಂದೆ ಅವಳನ್ನು ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ, ಮನೆಯಲ್ಲಿ ನಾನು ಪುಟ್ಟಿ ಎನ್ನುತ್ತೇನೆ. ಐವತ್ತು ದಾಟಿದ ಪುಟ್ಟಿ. ತಪ್ಪು ಕಂಡರೆ ತಿದ್ದದೆ ಅವಳ ಗಂಟಲಲ್ಲಿ ಊಟ ಇಳಿಯುವುದಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಫೋನಿನಲ್ಲಿ ಯಾರಿಗೋ ಲೆಕ್ಕ ತಪ್ಪಾಗಿ ಹೇಳಿದರೂ ತಿರುಗಿ ಕುಳಿತು ಸರಿಪಡಿಸುವವಳು. ಅಂಥವಳು ಒಂದು ಭಾನುವಾರ, ಕಣ್ಣೆದುರೇ ನಾನು ತಪ್ಪಿನ ಮೇಲೆ ತಪ್ಪು ಮಾಡುತ್ತಿದ್ದರೂ ತುಟಿಪಿಟಕ್ಕೆನ್ನದೆ ನನ್ನ ಹಿಂದೆ ಊರೆಲ್ಲ ನಡೆದಳು. ನನ್ನ ಪ್ರಕಾರ ಅದೇ ಒಂದು ಪವಾಡ.

ಅದಕ್ಕೂ ಮೊದಲು ನನ್ನ ಕಾಯಿಲೆಯನ್ನು ಹೇಳಿಬಿಡಬೇಕು. ಹೋದ ವರ್ಷ ನನ್ನ ತಲೆಯೊಳಗೆ ಎಲ್ಲೋ ಒಂದು ಕಡೆ ರಕ್ತ ಹೆಪ್ಪುಗಟ್ಟಿತು. ಕೈಕಾಲು ಬೀಳಲಿಲ್ಲ, ಮಾತು ಹೋಗಲಿಲ್ಲ. ಮಾತು ಹೋಗಿದ್ದರೆ ಪುಟ್ಟಿಗೆ ಸ್ವಲ್ಪ ವಿಶ್ರಾಂತಿಯಾದರೂ ಸಿಗುತ್ತಿತ್ತು. ಹೋದದ್ದು ಜಾಗಗಳ ಗುರುತು. ಮುಖ ನೋಡಿದರೆ ಯಾರೆಂದು ಹೇಳುತ್ತೇನೆ, ವಸ್ತು ನೋಡಿದರೆ ಏನೆಂದು ಹೇಳುತ್ತೇನೆ. ಬೀದಿ ಮಾತ್ರ, ಯಾವ ಬೀದಿಯಾದರೂ, ಇವತ್ತೇ ಮೊದಲ ಸಲ ನೋಡಿದ ಹಾಗೆ ಕಾಣುತ್ತದೆ. ಸೇತುವೆ ಕಂಡರೆ ಸೇತುವೆ ಎಂದು ತಿಳಿಯುತ್ತದೆ, ಆದರೆ ಇದು ನಾನು ಮೂವತ್ತು ವರ್ಷ ದಾಟಿದ ಸೇತುವೆ ಎಂದು ಒಳಗಿನಿಂದ ಯಾರೂ ಹೇಳುವುದಿಲ್ಲ. ಡಾಕ್ಟರು ಇದಕ್ಕೊಂದು ಉದ್ದನೆಯ ಹೆಸರು ಹೇಳಿ, ಕೆಲವರಿಗೆ ವಾಸಿಯಾಗುತ್ತದೆ, ಕೆಲವರಿಗೆ ಇಲ್ಲ ಎಂದು ನಮ್ಮನ್ನು ಕಳಿಸಿಕೊಟ್ಟರು.

ಕೆಲಸಕ್ಕೆ ತೊಂದರೆಯಾಗಲಿಲ್ಲ. ನಾನು ಹಲ್ಲಿನ ಸೆಟ್ ಮಾಡುವವಳು. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮನೆಯ ಮುಂದಿನ ಕೋಣೆಯಲ್ಲೇ ಕುಳಿತು ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತೇನೆ. ಕೋಣೆಯೊಳಗಿನ ನನ್ನ ಮೇಜು, ನನ್ನ ಚಾಕು, ನನ್ನ ಬರ್ನರ್ ಎಲ್ಲ ಗೊತ್ತು. ಬಾಗಿಲು ದಾಟಿದರೆ ಮುಗಿಯಿತು.

ಒಂದು ದಿನ ಹಾಲು ತರಲು ಹೋದವಳು ಪಕ್ಕದ ರಸ್ತೆಯಲ್ಲಿ ನಮ್ಮದೇ ನಂಬರಿನ ಇನ್ನೊಂದು ಮನೆಗೆ ಹೊಕ್ಕೆ. ಬಾಗಿಲು ತೆರೆದೇ ಇತ್ತು. ಹಾಲಿನ ಪ್ಯಾಕೆಟ್ಟನ್ನು ಅವರ ಮೇಜಿನ ಮೇಲೆ ಇಟ್ಟು, "ನನ್ನ ಸೋಫಾ ಎಲ್ಲಿಗೆ ಸಾಗಿಸಿದ್ರಿ?" ಎಂದು ಆ ಮನೆಯ ಹೆಂಗಸಿಗೇ ಜೋರು ಮಾಡಿದೆ. ಪಾಪ, ಆಕೆ ಕುಡಿಯಲು ನೀರು ಕೊಟ್ಟು ಪುಟ್ಟಿಗೆ ಫೋನ್ ಮಾಡಿದರು. ಅವತ್ತಿನಿಂದ ಪುಟ್ಟಿ ನನ್ನೊಬ್ಬಳನ್ನೇ ಗೇಟಿನಿಂದ ಆಚೆ ಬಿಡಲಿಲ್ಲ. ಶಾಲೆಯಿಂದ ಓಡಿ ಬರುವುದು, ನನ್ನ ಮೊಣಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋಗುವುದು, ಹಾಗೇ ಎಳೆದುಕೊಂಡು ವಾಪಸ್ ತರುವುದು. ನಾನು ದಾರಿಯಲ್ಲಿ ಎಲ್ಲಾದರೂ ತಲೆ ಎತ್ತಿ ನಿಂತರೆ, "ನಡಿ ಅಕ್ಕ, ಕತ್ತಲಾಗುತ್ತೆ" ಎನ್ನುವಳು. ಮಧ್ಯಾಹ್ನದ ಬಿಸಿಲಲ್ಲೂ ಅದೇ ಮಾತು.

ಭಾನುವಾರ ಮಾತ್ರ ನನಗೆ ಬಿಡುಗಡೆ. ನಮ್ಮ ಊರಿನಲ್ಲಿ ಒಂದು ನಡಿಗೆಯ ಗುಂಪು ಇದೆ. ಅದನ್ನು ಕಟ್ಟಿದವರು ನಿವೃತ್ತ ಸರ್ವೇಯರ್ ಒಬ್ಬರು. ಇಡೀ ಜೀವನ ಊರನ್ನು ಅಳೆದು ಸಾಕಾಗಿ, ಈಗ ಅಳತೆಯಿಲ್ಲದೆ ನೋಡಬೇಕು ಅಂತ ಹೊರಟವರು. ಅವರು ಇದಕ್ಕೆ ಸೈಕೊಜಿಯಾಗ್ರಫಿ ಎನ್ನುತ್ತಾರೆ. ಬೀದಿಗಳು ಮನಸ್ಸನ್ನು ಎಲ್ಲಿಗೆ ಎಳೆಯುತ್ತವೋ ಅಲ್ಲಿಗೆ ಹೋಗುವುದು, ಎಲ್ಲಿ ಖುಷಿಯಾಗುತ್ತದೆ, ಎಲ್ಲಿ ಭಯವಾಗುತ್ತದೆ ಎಂದು ಗಮನಿಸುವುದು. ಗುಂಪಿನಲ್ಲಿರುವ ದಪ್ಪ ನರ್ಸಮ್ಮನ ಮಾತಿನಲ್ಲಿ ಹೇಳುವುದಾದರೆ, "ಸುಮ್ನೆ ಅಲೆಯೋದು, ಅದಕ್ಕೊಂದು ಇಂಗ್ಲಿಷ್ ಹೆಸರು."

ಅವರ ಪದ್ಧತಿ ವಿಚಿತ್ರ. ಪ್ರತಿ ವಾರ ಒಬ್ಬರು ಮೂಗು, ಉಳಿದವರೆಲ್ಲ ಬಾಲ. ಮೂಗು ಹೋದ ಕಡೆ ಬಾಲ ಹೋಗಬೇಕು. ಬೋರ್ಡು ಓದಬಾರದು, ಮನೆಯ ನಂಬರು ನೋಡಬಾರದು, ಫೋನು ತೆಗೆಯಬಾರದು, ಯಾರನ್ನೂ ದಾರಿ ಕೇಳಬಾರದು. ಎಲ್ಲಕ್ಕಿಂತ ಮುಖ್ಯ, ಬಾಲ ಮಾತಾಡಬಾರದು. ಬಾಲ ಮಾತಾಡಿದರೆ ಅವತ್ತಿನ ನಡಿಗೆ ಅಲ್ಲಿಗೇ ಬರಖಾಸ್ತು. ಅಲ್ಲಿ ನನಗೆ ಪರಮ ನೆಮ್ಮದಿ. ಉಳಿದವರು ಕಷ್ಟಪಟ್ಟು ದಾರಿ ತಪ್ಪಿಸಿಕೊಳ್ಳುತ್ತಿದ್ದರು, ನನಗೆ ಅದು ಪುಕ್ಕಟೆ.

ಒಮ್ಮೆ ಸರ್ವೇಯರ್ ನಿಟ್ಟುಸಿರು ಬಿಟ್ಟು, "ನಿಮಗಿರೋದು ಕಾಯಿಲೆ ಅಲ್ಲಮ್ಮ, ಭಾಗ್ಯ. ದಿನಾ ಹೊಸ ಊರು ನೋಡ್ತೀರಿ" ಎಂದರು.

"ಬೇಕಿದ್ರೆ ನೀವೇ ತಗೊಳ್ಳಿ ಸಾರ್. ಆಸ್ಪತ್ರೆಗೆ ಹೋದಾಗ ಟಾಯ್ಲೆಟ್ಟಿಗೆ ಅಂತ ಎದ್ದು, ಬೇರೆಯವರ ವಾರ್ಡಲ್ಲಿ ನಿಂತಿರಿ. ಆಗ ಗೊತ್ತಾಗುತ್ತೆ ಭಾಗ್ಯ" ಎಂದೆ. ಆದರೆ ಸುಳ್ಳೇಕೆ ಹೇಳಲಿ, ಅವರ ಮಾತು ಅರ್ಧ ನಿಜ. ಬೇಸರ, ಹೆದರಿಕೆ, ನಾಚಿಕೆ ಎಲ್ಲದರ ಅಡಿಯಲ್ಲಿ ಒಂದು ಬೆರಗು ನನ್ನಲ್ಲಿ ಸದಾ ಇರುತ್ತದೆ. ಅದನ್ನು ಪುಟ್ಟಿಗೆ ಹೇಳಿರಲಿಲ್ಲ. ನನಗಾಗಿ ಓಡಾಡಿ ಕಾಲು ಸವೆಸುತ್ತಿರುವವಳ ಮುಂದೆ, ನನಗೆ ಇದರಲ್ಲಿ ಖುಷಿಯೂ ಇದೆ ಎಂದರೆ ಹೇಗೆ?

ಹೀಗಿರುವಾಗ ಪುಟ್ಟಿಗೆ ಕೆಲಸದ ಕರೆ ಬಂತು. ದೂರದ ಒಂದು ಬಂದರಿನ ಊರಿನಲ್ಲಿ ಹೊಸ ಶಾಲೆ, ಅಲ್ಲಿಗೆ ಹೆಡ್‌ಮಿಸ್ಟ್ರೆಸ್. ಹದಿನೈದು ವರ್ಷದಿಂದ ಅವಳು ಇದಕ್ಕಾಗಿಯೇ ಕಾಯುತ್ತಿದ್ದಳು. ಸೋಮವಾರ ಬೆಳಗ್ಗೆಯೊಳಗೆ ಉತ್ತರ ಹೇಳಬೇಕಿತ್ತು.

"ಆಗಲ್ಲ ಅಂತ ಹೇಳ್ತೀನಿ" ಎಂದಳು, ತರಕಾರಿ ಹೆಚ್ಚುತ್ತ.

"ಯಾಕೆ?"

"ಯಾಕೆ ಅಂತ ನಿಂಗೊತ್ತಿಲ್ವಾ?"

"ಗೊತ್ತು. ಆಮೇಲೆ ನಾನು ಸಾಯೋ ತನಕ ದಿನಾ ಬೆಳಗ್ಗೆ 'ನಿನಗೋಸ್ಕರ ಬಿಟ್ಟೆ' ಅಂತ ಮುಖ ಮಾಡ್ಕೊಂಡು ಕೂತಿರ್ತೀಯ. ಅದನ್ನ ನಾನು ನೋಡಬೇಕು. ನೀನು ಹೋಗು."

"ಹೋಗಿ? ನೀನು ಯಾರ್ಯಾರ ಮನೆಗೋ ನುಗ್ಗಿ ಸೋಫಾ ಕೇಳ್ತಿರು!"

ಜಗಳ ಜೋರಾಯಿತು. ಕೊನೆಗೆ ನಾನೇ ಸವಾಲು ಹಾಕಿದೆ. ಬರುವ ಭಾನುವಾರ ನಾನು ಮೂಗು. ಊರಿನ ಯಾವುದೋ ಮೂಲೆಯಿಂದ ಹೊರಟು ಎಲ್ಲರನ್ನೂ ನಮ್ಮ ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ. ತಂದರೆ ನೀನು ಹೋಗಬೇಕು. ಪುಟ್ಟಿ ಚಾಕು ಕೆಳಗಿಟ್ಟು ನನ್ನನ್ನೇ ನೋಡಿದಳು. "ತರದಿದ್ರೆ ಇನ್ಮೇಲೆ ಈ ಮಾತು ಎತ್ತಬಾರದು" ಎಂದಳು.

ಭಾನುವಾರ ಬೆಳಗ್ಗೆ ಎದ್ದು ನೋಡಿದರೆ, ಮನೆಯ ಮುಂದಿದ್ದ ನನ್ನ ಹಲ್ಲಿನ ಸೆಟ್ ಬೋರ್ಡು ಅಡುಗೆಮನೆಯ ಗೋಡೆಗೆ ಒರಗಿತ್ತು. ಗೇಟಿಗೆ ಗುರುತಿಗೆಂದು ಕಟ್ಟಿದ್ದ ಕೆಂಪು ಬಟ್ಟೆ ಅದರ ಮೇಲೆ ಮಡಿಸಿಟ್ಟಿತ್ತು.

"ಗಾಳಿಗೆ ಒಂದಿನ ಬೋರ್ಡು ಬಿದ್ದೋಯ್ತು, ಬಟ್ಟೆ ಹಾರಿಹೋಯ್ತು ಅಂತಿಟ್ಕೋ. ಆಗೇನ್ ಮಾಡ್ತೀಯ? ಪರೀಕ್ಷೆ ಅಂದ್ರೆ ಪರೀಕ್ಷೆ" ಎಂದಳು ಮೇಡಂ. ಕೋಪ ಬಂತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದಕ್ಕೇ ಇನ್ನಷ್ಟು ಕೋಪ ಬಂತು.

ಮಧ್ಯಾಹ್ನ ಬಸ್ಸಿನಲ್ಲಿ ಕಣ್ಣು ಮುಚ್ಚಿಸಿ ಕರೆದುಕೊಂಡು ಹೋಗಿ ಎಲ್ಲೋ ಇಳಿಸಿದರು. ಸರ್ವೇಯರ್, ನರ್ಸಮ್ಮ, ಹೊಸದಾಗಿ ಮದುವೆಯಾದ ಒಂದು ಜೋಡಿ, ಎಲ್ಲರ ಹಿಂದೆ ಬಿಗಿದ ಮುಖದ ಪುಟ್ಟಿ. "ನೀವು ಯಾವತ್ತೂ ನಡೆಯದ ದಾರೀಲಿ ಕರ್ಕೊಂಡು ಹೋಗಿ" ಎಂದರು ಸರ್ವೇಯರ್, ಪದ್ಧತಿಯಂತೆ.

"ನಂಗೆ ಬೇರೆ ಥರದ ದಾರಿ ಎಲ್ಲಿದೆ ಸಾರ್?" ಎಂದು ಹೊರಟೆ.

ನನ್ನ ಬಳಿ ಇದ್ದದ್ದು ಇಷ್ಟೇ. ನಮ್ಮ ಮನೆ ನದಿಯಿಂದ ಮೇಲೆ, ದಿಬ್ಬದ ಮೇಲಿದೆ. ಹತ್ತಿರದಲ್ಲಿ ಬ್ರೆಡ್ ಫ್ಯಾಕ್ಟರಿ ಇದೆ, ಭಾನುವಾರ ಸಂಜೆ ಸೋಮವಾರದ ಬ್ರೆಡ್ ಬೇಯಿಸುತ್ತಾರೆ. ಮನೆಗೆ ಎರಡು ಅಂತಸ್ತು, ಹಸಿರು ಬಾಗಿಲು, ಮೂರು ಮೆಟ್ಟಿಲು. ಇದೆಲ್ಲ ಪಾಠ ಒಪ್ಪಿಸಿದ ಹಾಗೆ ಬಾಯಿಗೆ ಬರುತ್ತದೆ, ಆದರೆ ಕಣ್ಣೆದುರು ಚಿತ್ರ ಬರುವುದಿಲ್ಲ. ಮೊದಲು ನದಿ ಹುಡುಕಬೇಕು. ಚರಂಡಿಯ ನೀರು ಯಾವ ಕಡೆ ಹರಿಯುತ್ತಿದೆ ಎಂದು ನೋಡಿ ಅದರ ಜೊತೆಗೇ ಇಳಿದೆ.

ಒಂದು ತಿರುವಿನಲ್ಲಿ ಕಾಲು ತಾನಾಗಿ ನಿಂತಿತು. ಸಾಲಿನಲ್ಲಿ ಒಂದು ಕಟ್ಟಡವನ್ನು ಕೆಡವಿದ್ದರು. ಪಕ್ಕದ ಕಟ್ಟಡದ ಗೋಡೆಗೆ ಅದರ ಗುರುತು ಹಾಗೇ ಅಂಟಿಕೊಂಡಿತ್ತು. ಕೆಳಗೆ ಒಂದು ಹಳದಿ ಕೋಣೆ, ಅದರ ಮೇಲೆ ಒಂದು ನೀಲಿ, ಅದರ ಮೇಲೆ ಹೂವಿನ ಕಾಗದ ಅಂಟಿಸಿದ ಕೋಣೆ. ಇಲ್ಲದ ಮೆಟ್ಟಿಲುಗಳ ಮಸಿಗೆರೆ ಓರೆಯಾಗಿ ಮೇಲೆ ಹತ್ತಿತ್ತು. ಎಲ್ಲಕ್ಕಿಂತ ಮೇಲೆ, ನೆಲವೇ ಇಲ್ಲದ ಎತ್ತರದಲ್ಲಿ, ಒಂದು ವಾಶ್‌ಬೇಸಿನ್ನು ಮತ್ತು ಅದರ ಮೇಲೊಂದು ಕನ್ನಡಿ. ಕನ್ನಡಿಯ ತುಂಬ ಆಕಾಶ. ಯಾರೋ ಅಲ್ಲಿ ನಿಂತು ದಿನಾ ಮುಖ ತೊಳೆಯುತ್ತಿದ್ದರು, ಈಗ ಅಲ್ಲಿ ನಿಲ್ಲಲು ಗಾಳಿಗೆ ಮಾತ್ರ ಸಾಧ್ಯ. ನನ್ನ ಮೈ ಜುಮ್ಮೆಂದಿತು. ಹಿಂದೆ ತಿರುಗಿ ನೋಡಿದರೆ ಇಡೀ ಬಾಲ ಕತ್ತೆತ್ತಿ ನಿಂತಿತ್ತು. ಪುಟ್ಟಿ ಮಾತ್ರ ಗಡಿಯಾರ ನೋಡುತ್ತಿದ್ದಳು.

ಇಳಿದಂತೆ ಬೀದಿಗಳು ಕಿರಿದಾದವು. ಹಾಸಿಗೆ ಹೊಲಿಯುವ ಅಂಗಡಿಯೊಂದರ ಕಿಟಕಿಯಿಂದ ಹತ್ತಿಯ ಎಳೆಗಳು ತೇಲಿ ಬಂದು ಬಿಸಿಲಿನಲ್ಲಿ ಕೆಳಗಿಳಿಯಲು ಮನಸ್ಸಿಲ್ಲದೆ ಸುತ್ತುತ್ತಿದ್ದವು. ಹೊಸ ಜೋಡಿಯ ತಲೆ ಅರ್ಧ ಗಳಿಗೆಯಲ್ಲಿ ನರೆತುಹೋಯಿತು. ಒಬ್ಬರನ್ನೊಬ್ಬರು ನೋಡಿ ನಕ್ಕರು, ಸದ್ದಿಲ್ಲದೆ. ಇನ್ನೊಂದು ಓಣಿಯ ಎರಡೂ ಕಡೆ ಗೋಡೆಗಳು ಎಷ್ಟು ಹತ್ತಿರವೆಂದರೆ ನರ್ಸಮ್ಮ ಅಡ್ಡಡ್ಡ ನಡೆಯಬೇಕಾಯಿತು. ಆಕೆ ಬೈಗುಳವನ್ನು ನುಂಗಿಕೊಂಡದ್ದು ಗಂಟಲಲ್ಲೇ ಕಾಣಿಸಿತು.

ಓಣಿ ಮುಗಿದಲ್ಲಿ ನದಿ. ಯಾವ ಮುನ್ಸೂಚನೆಯೂ ಇಲ್ಲದೆ, ಕತ್ತಲೆಯಿಂದ ಆಚೆ ಬಂದ ಕೂಡಲೇ ಅಗಲಕ್ಕೆ ಅಗಲವಾಗಿ ಹೊಳೆಯುವ ನೀರು. ಇದೇ ದಡದ ಶಾಲೆಯಲ್ಲಿ ನಾನು ಓದಿದವಳಂತೆ. ಈ ನೀರಿನಲ್ಲಿ ಪುಟ್ಟಿಯ ಚಪ್ಪಲಿ ತೇಲಿಹೋಗಿ ನಾನು ಹಿಂದೆ ಓಡಿದ್ದು ಚೆನ್ನಾಗಿ ನೆನಪಿದೆ. ಆದರೆ ಆ ನದಿಯೂ ಈ ನದಿಯೂ ಒಂದೇ ಎಂದು ನನ್ನ ಕಣ್ಣು ಒಪ್ಪಲಿಲ್ಲ. ನನ್ನ ಕಣ್ಣಿಗೆ ಇದು ಈಗತಾನೇ ಯಾರೋ ತಂದು ಹಾಸಿದ ನೀರು. ಇಷ್ಟು ದೊಡ್ಡದನ್ನು ಊರಿನ ನಡುವೆ ಇಟ್ಟುಕೊಂಡು ಜನ ಅಂಗಡಿಗೆ ಹೇಗೆ ಹೋಗುತ್ತಾರೆ, ಕಚೇರಿಗೆ ಹೇಗೆ ಹೋಗುತ್ತಾರೆ ಎಂದು ಆಶ್ಚರ್ಯವಾಯಿತು. ಕಣ್ಣು ತುಂಬಿ ಬಂತು. ಒರೆಸಿಕೊಂಡು ನದಿಗೆ ಬೆನ್ನು ಮಾಡಿ ದಿಬ್ಬ ಹತ್ತಿದೆ.

ಅರ್ಧ ಹತ್ತುವಷ್ಟರಲ್ಲಿ ಬ್ರೆಡ್ಡಿನ ವಾಸನೆ ಬಂತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮೂಗು ಎಂಬ ಪದವಿಗೆ ತಕ್ಕ ಹಾಗೆ ನಾನು ಬಲಕ್ಕೆ ಹೋದರೆ ವಾಸನೆ ತೆಳುವಾಗುತ್ತದೆಯೇ, ಎಡಕ್ಕೆ ಹೋದರೆ ಗಟ್ಟಿಯಾಗುತ್ತದೆಯೇ ಎಂದು ಮೂಸುತ್ತ ನಡೆದೆ. ಸರ್ವೇಯರ್ ಮುಖ ನೋಡಬೇಕಿತ್ತು, ಅಳತೆಯ ಸರಪಳಿ ಹಿಡಿದು ಬದುಕು ಕಳೆದ ಮನುಷ್ಯ ನನ್ನ ಹಿಂದೆ ಗಾಳಿ ಮೂಸುತ್ತ ಬರುತ್ತಿದ್ದರು. ವಾಸನೆ ಗಟ್ಟಿಯಾದ ಕಡೆ ಒಂದು ಉದ್ದನೆಯ ಬೀದಿ ಸಿಕ್ಕಿತು. ನಮ್ಮದು ಇಲ್ಲೇ ಎಲ್ಲೋ ಇರಬೇಕು. ಎರಡು ಅಂತಸ್ತು, ಹಸಿರು ಬಾಗಿಲು, ಮೂರು ಮೆಟ್ಟಿಲು ಎಂದು ಮನಸ್ಸಿನಲ್ಲೇ ಜಪಿಸುತ್ತ ಹೊರಟೆ.

ಜಪದ ನಡುವೆಯೇ ಒಂದು ಮನೆ ನನ್ನನ್ನು ಹಿಡಿದು ನಿಲ್ಲಿಸಿತು. ಎರಡು ದೊಡ್ಡ ಕಟ್ಟಡಗಳ ಸಂದಿಯಲ್ಲಿ ಸಿಕ್ಕಿಕೊಂಡ ಕಿರಿದಾದ ಮನೆ. ಗೋಡೆ ಸ್ವಲ್ಪ ಮುಂದಕ್ಕೆ ಉಬ್ಬಿತ್ತು. ಮೇಲಿನ ಕಿಟಕಿ ಕೆಳಗಿನ ಕಿಟಕಿಯ ನೇರಕ್ಕಿರದೆ ಪಕ್ಕಕ್ಕೆ ಸರಿದಿತ್ತು. ಹಲ್ಲಿನ ಸೆಟ್ ಮಾಡುವ ಎಲ್ಲರಿಗೂ ಗೊತ್ತಿರುವ ಮಾತು, ಎಲ್ಲ ಹಲ್ಲನ್ನೂ ಸಾಲಾಗಿ ನೆಟ್ಟಗೆ ಕೂರಿಸಿದರೆ ಅದು ಕಟ್ಟಿದ ಹಲ್ಲು ಎಂದು ಯಾರಿಗಾದರೂ ತಿಳಿಯುತ್ತದೆ. ಒಂದನ್ನು ತುಸು ಓರೆ ಮಾಡಬೇಕು, ಆಗ ಬಾಯಿಗೆ ಜೀವ ಬರುತ್ತದೆ. ಆ ಬೀದಿಗೆ ಜೀವ ಬಂದದ್ದು ಈ ಮನೆಯಿಂದ. ಬಾಗಿಲು ನೆರಳಿನಲ್ಲಿತ್ತು, ಅದನ್ನು ನಾನು ನೋಡಲೂ ಇಲ್ಲ. ಗೋಡೆಯ ಉಬ್ಬಿನ ಮೇಲೆ ಬಿದ್ದ ಬಿಸಿಲನ್ನು ನೋಡುತ್ತ ನಿಂತುಬಿಟ್ಟೆ.

"ಎಂಥಾ ಮನೆ! ಇದರಲ್ಲಿ ಇರೋರಿಗೆ ಇದು ಗೊತ್ತಿರುತ್ತಾ?" ಎಂದೆ. ಮೂಗು ಮಾತಾಡಬಹುದು. ಬಾಲ ಸುಮ್ಮನಿತ್ತು. ಪುಟ್ಟಿ ತಲೆ ತಗ್ಗಿಸಿ ರಸ್ತೆ ನೋಡುತ್ತಿದ್ದಳು. ಆಟದ ನಡುವೆ ಮೈಮರೆತೆನೆಂದು ಅವಳಿಗೆ ಸಿಟ್ಟು ಬಂದಿರಬೇಕು ಎಂದುಕೊಂಡು ಬೇಗ ಬೇಗ ಮುಂದೆ ನಡೆದೆ.

ಸ್ವಲ್ಪ ದೂರದಲ್ಲಿ ಸಿಕ್ಕಿತು. ಎರಡು ಅಂತಸ್ತು. ಹಸಿರು ಬಾಗಿಲು. ಮೂರು ಮೆಟ್ಟಿಲು. "ಇದೇ!" ಎಂದು ಕೂಗಿ ಮೆಟ್ಟಿಲು ಹತ್ತಿ ಚೀಲದಿಂದ ಬೀಗದಕೈ ತೆಗೆದು ಹಾಕಿದೆ. ಒಳಗೆ ಹೋಗಲಿಲ್ಲ. ತಿರುಗಿಸಿ ಹಾಕಿದೆ. ಹೋಗಲಿಲ್ಲ. ಅಷ್ಟರಲ್ಲಿ ಬಾಗಿಲು ತಾನಾಗಿ ತೆರೆಯಿತು. ಹೆಗಲ ಮೇಲೆ ಮಗು ಮಲಗಿಸಿಕೊಂಡ ಒಬ್ಬ ಗಂಡಸು, "ಯಾರು ಬೇಕಿತ್ತಮ್ಮ?" ಎಂದು ಪಿಸುಗುಟ್ಟಿದ.

ಈ ಸಲ ಸೋಫಾ ಕೇಳಲಿಲ್ಲ. ಕ್ಷಮೆ ಕೇಳಿ ಇಳಿದೆ. ನನ್ನ ಸ್ವಾತಂತ್ರ್ಯ ಹೋದದ್ದಕ್ಕಿಂತ, ಪುಟ್ಟಿಯ ಶಾಲೆ ಹೋಯಿತಲ್ಲ ಎಂದು ಹೆಚ್ಚು ಸಂಕಟವಾಯಿತು. ಹದಿನೈದು ವರ್ಷ ಕಾದವಳ ಬಾಗಿಲನ್ನು ನಾನೇ ಮುಚ್ಚಿದ ಹಾಗಾಯಿತು.

"ಅಕ್ಕ, ದಾಟಿ ಬಂದ್ವಿ" ಎಂದಳು ಪುಟ್ಟಿ ಮೆತ್ತಗೆ.

"ಬಾಲ ಮಾತಾಡ್ತು. ನಡಿಗೆ ಮುಗೀತು" ಎಂದರು ಸರ್ವೇಯರ್, ಅಷ್ಟೇ ಮೆತ್ತಗೆ. ನರ್ಸಮ್ಮ ನನ್ನ ಬೆನ್ನು ಸವರಿ ಬಸ್‌ಸ್ಟಾಪಿನ ಕಡೆ ಹೋದಳು. ಉಳಿದವರೂ ಹೋದರು.

ಪುಟ್ಟಿ ನನ್ನ ಮೊಣಕೈ ಹಿಡಿಯಲು ಬಂದಳು. ನಾನು ಕೊಸರಿಕೊಂಡೆ.

"ಹಿಡೀಬೇಡ. ಸೋತಿದ್ದೀನಿ, ಒಪ್ತೀನಿ. ಆದ್ರೆ ಮನೆಗೆ ನನ್ನ ಕಾಲಲ್ಲೇ ಹೋಗ್ತೀನಿ. ಯಾವುದು ಅಂತ ಹೇಳ್ಬೇಡ. ಹಿಂದೆ ಬಾ."

ಅವಳು ಹಿಂದೆ ಬಂದಳು. ಬಂದ ದಾರಿಯಲ್ಲೇ ವಾಪಸ್ ಹೊರಟರೂ ನನಗೆ ಅದು ಇನ್ನೊಂದು ಬೀದಿ. ಬಿಸಿಲು ಇಳಿದಿತ್ತು, ಕಿಟಕಿಗಳಲ್ಲಿ ದೀಪಗಳು ಹತ್ತುತ್ತಿದ್ದವು. ಹಸಿರು ಬಾಗಿಲುಗಳ ಲೆಕ್ಕ ಬಿಟ್ಟುಬಿಟ್ಟೆ. ಸೋತ ಮೇಲೆ ಇನ್ನೇನು, ಕಣ್ಣನ್ನು ಅದರ ಪಾಡಿಗೆ ಬಿಟ್ಟು ನಡೆದೆ.

ಒಂದು ಕಡೆ ಕಾಲು ನಿಂತಿತು. ಎರಡು ದೈತ್ಯ ಕಟ್ಟಡಗಳ ನಡುವೆ ಉಸಿರು ಹಿಡಿದು ನಿಂತ ಹಾಗೆ ಒಂದು ಕಿರಿದಾದ ಮನೆ. ಗೋಡೆಯ ಬಣ್ಣ ಕತ್ತಲಿಗೆ ಕರಗುತ್ತಿತ್ತು, ಓರೆಗೆ ಸರಿದ ಮೇಲಿನ ಕಿಟಕಿಯ ಗಾಜಿನಲ್ಲಿ ಮಾತ್ರ ಆಕಾಶದ ಕೊನೆಯ ಕೆಂಪು ಉಳಿದಿತ್ತು. ಮಧ್ಯಾಹ್ನದಿಂದ ಕಂಡದ್ದರಲ್ಲೆಲ್ಲ, ನದಿಯನ್ನೂ ಸೇರಿಸಿ, ಇಷ್ಟು ಹತ್ತಿರದಿಂದ ಎದೆಗೆ ತಾಕಿದ್ದು ಯಾವುದೂ ಇಲ್ಲ ಎನಿಸಿತು.

"ಪುಟ್ಟಿ, ಇದು ನಮ್ಮನೆ ಅಲ್ಲ ಅಂತ ಗೊತ್ತು. ಆದ್ರೂ ಒಂದ್ನಿಮಿಷ ನೋಡ್ಕೋತೀನಿ, ಬೈಬೇಡ" ಎಂದೆ.

ತಿರುಗಿ ನೋಡಿದರೆ ಪುಟ್ಟಿಯ ಕೆನ್ನೆ ಒದ್ದೆಯಾಗಿತ್ತು. ಹೆಡ್‌ಮಿಸ್ಟ್ರೆಸ್ ಆಗಬೇಕಾದವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಹೋಗ್ತಾನೂ ನೀನು ಇಲ್ಲೇ ನಿಂತಿದ್ದೆ" ಎಂದಳು. "ಎಂಥಾ ಮನೆ ಅಂದೆ. ಇರೋರಿಗೆ ಗೊತ್ತಿರುತ್ತಾ ಅಂದೆ. ನಂಗೆ ಗೊತ್ತಿರ್ಲಿಲ್ಲ ಅಕ್ಕ. ಬಾಯಿ ತೆಗೆದ್ರೆ ನೀನು ಸೋಲ್ತೀಯ ಅಂತ ನಾಲಿಗೆ ಕಚ್ಚಿ ಹಿಡ್ಕೊಂಡಿದ್ದೆ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನೆರಳಿನಲ್ಲಿದ್ದ ಬಾಗಿಲ ಹತ್ತಿರ ಹೋದೆ. ಮೆಟ್ಟಿಲು ಹತ್ತಿ ಬೀಗದಕೈ ಹಾಕಿದೆ. ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು, ತಿರುಗಿತು. ಒಳಗಿನಿಂದ ನನ್ನ ಮೇಣದ ವಾಸನೆ ಬಂತು.

"ಒಂದು ವರ್ಷದಿಂದ ಈ ಗೇಟಿನ ಮುಂದೆ ನಿನ್ನ ದರದರ ಎಳ್ಕೊಂಡು ಬರ್ತಿದ್ದೀನಿ. ಒಂದ್ಸಲನೂ ನಿಲ್ಲೋಕೆ ಬಿಡ್ಲಿಲ್ಲ. ಬಿಟ್ಟಿದ್ರೆ ನೀನಾಗೇ ನಿಲ್ತಿದ್ದೆ" ಎಂದಳು ಪುಟ್ಟಿ ರಸ್ತೆಯಿಂದ. ಆಮೇಲೆ ಮೇಡಮ್ಮಿನ ದನಿ ತಂದುಕೊಂಡು, "ನಾಳೆ ಬೆಳಗ್ಗೆ ಫೋನ್ ಮಾಡಿ ಬರ್ತೀನಿ ಅಂತ ಹೇಳ್ತೀನಿ. ಸೋಫಾ ಕೇಳೋಕೆ ಪಕ್ಕದ ರಸ್ತೆಗೆ ಹೋದ್ರೆ ಹೋಗು, ಅವರು ನೀರು ಕೊಡ್ತಾರೆ" ಎಂದಳು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹೊಸ್ತಿಲ ಮೇಲೆ ನಿಂತು ಕೈಗೆ ಸಿಕ್ಕ ಸ್ವಿಚ್ ಒತ್ತಿದೆ, ಮುಂದಿನ ಕೋಣೆಯ ದೀಪ ಹತ್ತಿ ಬೀದಿಗೆಲ್ಲ ಬೆಳಕು ಚೆಲ್ಲಿತು. ಪುಟ್ಟಿ ಅಲ್ಲೇ ನಿಂತಿದ್ದಳು.

"ಒಳಗೆ ಬಾರೇ, ಕತ್ತಲಾಯ್ತು" ಎಂದೆ.

"ತಡಿ ಅಕ್ಕ" ಎಂದಳು, ತಲೆ ಎತ್ತಿ ಮೇಲಿನ ಕಿಟಕಿಯನ್ನು ನೋಡುತ್ತ. "ನೋಡ್ತಾ ಇದ್ದೀನಿ."